ಥೈರಾಯ್ಡ್ ಇದ್ದವರ ಜೀವ ವಿಮೆ ಮತ್ತು ಗಂಭೀರ ಕಾಯಿಲೆ ವಿಮೆ: ಕಲಬುರಗಿಯ ಒಂದು ಪ್ರಕರಣ

ಈ ಪ್ರಕರಣದ ಮಹಿಳೆಯ ಒಪ್ಪಿಗೆ ಪಡೆದ ನಂತರವೇ ಇದನ್ನು ಬರೆಯುತ್ತಿದ್ದೇನೆ. ಅವರ ಹೆಸರು, ಬಡಾವಣೆ, ಶಾಲೆ, ಬ್ಯಾಂಕು, ವಿಮಾ ಕಂಪನಿಗಳು ಯಾವುವೂ ಇಲ್ಲಿಲ್ಲ. ಗುರುತು ಹತ್ತಬಹುದಾದ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ. ನಾನು ಯಾವ ಕಂಪನಿಯ ಏಜೆಂಟನೂ ಅಲ್ಲ. ಕಲಬುರಗಿಯಲ್ಲಿ ತೆರಿಗೆ ಲೆಕ್ಕಪತ್ರದ ಕೆಲಸ ಮಾಡುವವನಾದ್ದರಿಂದ ಜನರ ವಿಮೆಯ ಕಾಗದಗಳು ನನ್ನ ಮೇಜಿಗೆ ಬರುತ್ತವೆ, ಈ ಕುಟುಂಬದ ಕಾಗದಗಳೂ ಹಾಗೆಯೇ ಬಂದವು. ಥೈರಾಯ್ಡ್ ಮಾತ್ರೆ ನುಂಗುವ ಸಾವಿರಾರು ಮಂದಿ ನಮ್ಮ ಸುತ್ತ ಇದ್ದಾರೆ. ಅವರಲ್ಲಿ ಬಹಳಷ್ಟು ಮಂದಿ ವಿಮೆಯ ಫಾರ್ಮಿನಲ್ಲಿ ಅದನ್ನು ಬರೆಯುವುದೇ ಇಲ್ಲ ಎಂಬ ಸಂಗತಿ ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

ಹಿನ್ನೆಲೆ

ಅವರು ಅನುದಾನರಹಿತ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಗಣಿತ ಕಲಿಸುವ ಶಿಕ್ಷಕಿ. 2025ರ ಆರಂಭದಲ್ಲಿ ಅವರಿಗೆ 38 ವರ್ಷ. ಪತಿಗೆ ಗಂಜಿನಲ್ಲಿ ತೊಗರಿಯ ಅಡತ್ ಅಂಗಡಿ ಇದೆ. ಮಳೆ ಕೈಕೊಟ್ಟ ವರ್ಷ, ದರ ಬಿದ್ದ ವರ್ಷ ಅಂಗಡಿಯ ಆದಾಯ ಅರ್ಧಕ್ಕೆ ಇಳಿಯುವುದುಂಟು; ಆದ್ದರಿಂದ ಗೃಹಸಾಲದ ಕಂತು ಶಿಕ್ಷಕಿಯ ಸಂಬಳದಿಂದಲೇ ಹೋಗಬೇಕೆಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ಸರ್ಕಾರಿ ಶಾಲೆಯಲ್ಲಿರುವ ಅವರ ನಾದಿನಿಗೆ ಕರ್ನಾಟಕ ಸರ್ಕಾರಿ ವಿಮಾ ಇಲಾಖೆಯ, ಅಂದರೆ ಕೆಜಿಐಡಿಯ, ಕಡ್ಡಾಯ ಜೀವ ವಿಮೆ ಇದೆ. ಖಾಸಗಿ ಶಾಲೆಯ ಶಿಕ್ಷಕಿಗೆ ಅಂಥದ್ದೇನೂ ಇರಲಿಲ್ಲ. ಇಬ್ಬರು ಮಕ್ಕಳು, ಇನ್ನೂ ಹದಿನಾಲ್ಕು ವರ್ಷ ತುಂಬಬೇಕಾದ ಸಾಲ, ಒಬ್ಬರದೇ ಸ್ಥಿರ ಆದಾಯ: ವಿಮೆ ಬೇಕೆಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. 50 ಲಕ್ಷದ ಟರ್ಮ್ ಪಾಲಿಸಿ (ಅವಧಿಯೊಳಗೆ ಸಾವು ಸಂಭವಿಸಿದರೆ ಮಾತ್ರ ಹಣ ಕೊಡುವ ಜೀವ ವಿಮೆ), ಅದರ ಜೊತೆಗೆ ಗಂಭೀರ ಕಾಯಿಲೆ ಪತ್ತೆಯಾದರೆ ಒಟ್ಟಿಗೇ 15 ಲಕ್ಷ ಕೊಡುವ ರೈಡರ್ ಎಂಬ ಹೆಚ್ಚುವರಿ ರಕ್ಷಣೆ ತೆಗೆದುಕೊಳ್ಳುವುದೆಂದು ಅವರು ನಿಶ್ಚಯಿಸಿದರು.

ಎರಡನೆಯ ಹೆರಿಗೆಯ ನಂತರ ಅವರಿಗೆ ಹೈಪೋಥೈರಾಯ್ಡಿಸಂ, ಅಂದರೆ ಥೈರಾಯ್ಡ್ ಹಾರ್ಮೋನು ಕಡಿಮೆಯಾಗುವ ಕಾಯಿಲೆ, ಪತ್ತೆಯಾಗಿತ್ತು. ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಗ್ರಂಥಿಯನ್ನು ಸವೆಸುವ ಹಾಶಿಮೋಟೊ ಎಂಬ ಬಗೆ ಅದು; ಟಿಪಿಒ ಪ್ರತಿಕಾಯದ ಪರೀಕ್ಷೆಯಲ್ಲಿ ಖಚಿತವಾಗಿತ್ತು. ಅಂದಿನಿಂದ ದಿನಕ್ಕೆ 75 ಮೈಕ್ರೋಗ್ರಾಂ ಲೆವೋಥೈರಾಕ್ಸಿನ್ ಮಾತ್ರೆ. ಇದಲ್ಲದೆ 2022ರಲ್ಲಿ ಸಂಬಂಧಿಕರ ಮನೆಗೆಂದು ಸೊಲ್ಲಾಪುರಕ್ಕೆ ಹೋಗಿದ್ದಾಗ ಅಲ್ಲಿ ಕುತ್ತಿಗೆಯ ಸ್ಕ್ಯಾನ್ ಮಾಡಿಸಿದ್ದರು. ಗ್ರಂಥಿಯ ಎಡಭಾಗದಲ್ಲಿ 1.2 ಸೆಂಟಿಮೀಟರಿನ ಗಂಟು ಇದೆಯೆಂದು, ಆರು ತಿಂಗಳ ನಂತರ ಮತ್ತೆ ನೋಡಿಸಬೇಕೆಂದು ವರದಿಯಲ್ಲಿತ್ತು. ನೋವಿಲ್ಲ, ನುಂಗಲು ತೊಂದರೆಯಿಲ್ಲ, ಹೀಗಾಗಿ ಆ ವರದಿ ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲವೊಂದರಲ್ಲಿ, ಹೊಲದ ಪಹಣಿಗಳ ಕೆಳಗೆ, ಅಲ್ಮಾರದಲ್ಲಿ ಉಳಿದುಬಿಟ್ಟಿತ್ತು.

ಒಟಿಪಿ ಕೇಳಿದ ಗಳಿಗೆ

ಏಜೆಂಟ್ ಪತಿಯ ಚಿಕ್ಕಪ್ಪನ ಮಗ. ಮನೆಯವರೊಂದಿಗೆ ಸಲಿಗೆಯಿರುವ, ಕೆಟ್ಟ ಉದ್ದೇಶವಿಲ್ಲದ ಹುಡುಗ. ಅವನು ಪ್ರಸ್ತಾವ ಪತ್ರವನ್ನು, ಅಂದರೆ ವಿಮೆಯ ಅರ್ಜಿಯನ್ನು, ತನ್ನ ಮೊಬೈಲಿನಲ್ಲೇ ತುಂಬುತ್ತಾ ಹೋದ. ಆರೋಗ್ಯದ ಪ್ರಶ್ನೆಗಳು ಬಂದಾಗ ಎಲ್ಲದಕ್ಕೂ 'ಇಲ್ಲ' ಎಂದು ಒತ್ತಿ, ಕೊನೆಗೆ ಶಿಕ್ಷಕಿಯ ಫೋನಿಗೆ ಬಂದ ಒಟಿಪಿ ಕೇಳಿದ.

"ಆರೋಗ್ಯದ ಪ್ರಶ್ನಿಗೆ ಏನ್ ಬರದಿ?" ಎಂದು ಅವರು ಕೇಳಿದ್ದಕ್ಕೆ ಅವನ ಉತ್ತರ: "ವೈನೀ, ಥೈರಾಯ್ಡ್ ಇಲ್ಲದವ್ರು ಈಗ ಯಾರದಾರ್ರಿ? ಅದನ್ನ ಬರದ್ರ ಸುಮ್ನ ಮೆಡಿಕಲ್ ಬರ್ತದ, ಫೈಲ್ ಅಲ್ಲೇ ನಿಂತ್ಬಿಡ್ತದ. ಒಟಿಪಿ ಹೇಳ್ರಿ, ಮುಗಿಸೇ ಬಿಡ್ತೀನಿ. ಮೂರ್ ವರ್ಷ ಆದಮ್ಯಾಲ ಕಂಪನಿ ಏನೂ ಕೇಳಂಗಿಲ್ಲ."

"ಮೊದಲ ಅದರಾಗ ಏನದ ಅಂತ ಓದಿ ತೋರ್ಸಪ್ಪ. ನಾಳೆ ನಾ ಇಲ್ಲದಾಗ ಉತ್ತರ ಕೊಡೋರು ಯಾರು?" ಎಂದು ಶಿಕ್ಷಕಿ ಫೋನನ್ನು ಪಕ್ಕಕ್ಕಿಟ್ಟರು. ಇಡೀ ಪ್ರಕರಣದ ದಿಕ್ಕನ್ನು ನಿರ್ಧರಿಸಿದ್ದು ಈ ಮಾತು. ಕಾಗದದ ಫಾರ್ಮಿನ ಕಾಲದಲ್ಲಿ ಸಹಿ ಹಾಕುವಾಗ ಒಮ್ಮೆಯಾದರೂ ಪುಟದ ಮೇಲೆ ಕಣ್ಣು ಹಾಯುತ್ತಿತ್ತು. ಈಗ ಆರಂಕಿಯ ಒಟಿಪಿಯೇ ಸಹಿ, ಮತ್ತು ಅದನ್ನು ಹೇಳಿದ ಮೇಲೆ ಉತ್ತರ ಯಾರು ತುಂಬಿದರೆಂಬ ವಾದಕ್ಕೆ ಹೆಚ್ಚು ಬೆಲೆಯಿರುವುದಿಲ್ಲ, ಏಕೆಂದರೆ ಪ್ರಸ್ತಾವ ಪತ್ರದ ಕೊನೆಯಲ್ಲಿ "ಮೇಲಿನ ಉತ್ತರಗಳೆಲ್ಲ ನನ್ನವೇ, ಸತ್ಯವೇ" ಎಂಬ ಘೋಷಣೆ ಇರುತ್ತದೆ.

ಆ ಹುಡುಗ ಹೇಳಿದ ಮೂರು ವರ್ಷದ ಮಾತಿಗೆ ಕಾನೂನಿನ ಆಧಾರವಿಲ್ಲವೆಂದಲ್ಲ. 1938ರ ವಿಮಾ ಕಾಯ್ದೆಯ 45ನೇ ಕಲಮು, 2015ರ ತಿದ್ದುಪಡಿಯ ನಂತರ, ಪಾಲಿಸಿ ಆರಂಭವಾಗಿ ಮೂರು ವರ್ಷ ದಾಟಿದ ಮೇಲೆ ಜೀವ ವಿಮೆಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲವೆಂದು ಹೇಳುತ್ತದೆ. ಆದರೆ ಆ ಮೂರು ವರ್ಷಗಳೊಳಗೆ ಸಾವು ಸಂಭವಿಸಿದರೆ ಕಂಪನಿ ಹಳೆಯ ವೈದ್ಯಕೀಯ ದಾಖಲೆಗಳನ್ನು ಕೆದಕುತ್ತದೆ. ವಂಚನೆಯೆಂದು ಸಾಬೀತಾದರೆ ತುಂಬಿದ ಕಂತೂ ಮರಳುವುದಿಲ್ಲ. ಸಾಲದ ಬಾಕಿ ಅತಿ ಹೆಚ್ಚಿರುವುದು, ಮಕ್ಕಳು ಅತಿ ಚಿಕ್ಕವರಿರುವುದು ಆ ಮೊದಲ ವರ್ಷಗಳಲ್ಲೇ. ಕುಟುಂಬಕ್ಕೆ ರಕ್ಷಣೆ ಬೇಕಾದ ಕಾಲಕ್ಕೇ ಅದು ಸಂಶಯದಲ್ಲಿ ಉಳಿಯುವುದಾದರೆ ಅಂಥ ವಿಮೆಯನ್ನು ಕೊಳ್ಳುವುದು ಏತಕ್ಕೆ? ಅಲ್ಲದೆ ಆರೋಗ್ಯ ವಿಮೆಯಾಗಿ ಪ್ರತ್ಯೇಕವಾಗಿ ಕೊಳ್ಳುವ ಗಂಭೀರ ಕಾಯಿಲೆ ಪಾಲಿಸಿಗೆ ಬೇರೆಯೇ ನಿಯಮವಿದೆ: ಅಲ್ಲಿ ಪ್ರಶ್ನಿಸದಿರುವ ಅವಧಿ ಆರಂಭವಾಗುವುದು ನಿರಂತರ 60 ತಿಂಗಳ ನಂತರ, ಆಗಲೂ ಸಾಬೀತಾದ ವಂಚನೆಗೆ ವಿನಾಯಿತಿಯಿಲ್ಲ.

ಹಳೆಯ ಒಂದು ಘೋಷಣೆ

ಇದೇ ಹಂತದಲ್ಲಿ ಅವರು ಕಾಗದಗಳನ್ನು ನನ್ನ ಬಳಿ ತಂದರು. ಈಗಾಗಲೇ ಇರುವ ವಿಮೆಗಳ ವಿವರ ಕೊಡಿ ಎಂದು ಪ್ರಸ್ತಾವ ಪತ್ರ ಕೇಳುತ್ತದೆ. ಇದನ್ನು ಹಗುರವಾಗಿ ನೋಡುವಂತಿಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಬೇರೊಂದು ಜೀವ ವಿಮೆ ಇರುವುದನ್ನು ಹೇಳದೆ ಬಿಟ್ಟದ್ದನ್ನೂ ಮಹತ್ವದ ಸಂಗತಿಯ ಮರೆಮಾಚುವಿಕೆ ಎಂದೇ ಪರಿಗಣಿಸಿತ್ತು. "ಬೇರೆ ವಿಮೆ ಏನೂ ಇಲ್ಲ" ಎಂದು ದಂಪತಿ ನಂಬಿದ್ದರು. ಆದರೆ ಗೃಹಸಾಲದ ಫೈಲನ್ನು ತಿರುವಿ ಹಾಕಿದಾಗ, ಸಾಲದ ಜೊತೆಗೇ ಒಂದೇ ಕಂತಿನ ಗುಂಪು ವಿಮೆಯನ್ನು ಸೇರಿಸಿ ಅದರ ಹಣವನ್ನೂ ಸಾಲದ ಮೊತ್ತದಲ್ಲೇ ಕೂಡಿಸಿದ್ದು ಕಂಡಿತು. ಅದರ ಹಿಂಬದಿಯಲ್ಲಿ ಸಣ್ಣ ಅಕ್ಷರದ ಆರೋಗ್ಯ ಘೋಷಣೆ: "ನಾನು ಯಾವುದೇ ಕಾಯಿಲೆಗೆ ನಿಯಮಿತ ಔಷಧಿ ತೆಗೆದುಕೊಳ್ಳುತ್ತಿಲ್ಲ." ಅದರ ಕೆಳಗೆ ಶಿಕ್ಷಕಿಯ ಸಹಿ. ಸಾಲ ಮಂಜೂರಾದ ದಿನ ಹಾಕಿದ ಹತ್ತಾರು ಸಹಿಗಳಲ್ಲಿ ಅದೂ ಒಂದು. ಅದು ವಿಮೆಯ ಕಾಗದವೆಂದು ಯಾರೂ ಅವರಿಗೆ ಹೇಳಿರಲಿಲ್ಲ.

ಈಗ ಮಾಡುವುದೇನು? ಅದನ್ನು ಕೆದಕದೆ ಬಿಡುವುದು ಸುಲಭವಾಗಿತ್ತು. ಆದರೆ ಹೊಸ ಕಂಪನಿಗೆ ಥೈರಾಯ್ಡ್ ಇದೆಯೆಂದು ಬರೆದು, ಹಳೆಯ ವಿಮೆಯ ವಿವರವನ್ನೂ ಕೊಟ್ಟ ಮೇಲೆ ಎರಡು ಕಾಗದಗಳು ಒಂದಕ್ಕೊಂದು ವಿರುದ್ಧ ಸಾಕ್ಷಿ ಹೇಳುತ್ತಿದ್ದವು. ನನ್ನ ಸಲಹೆಯಂತೆ ಅವರು ಆ ಗುಂಪು ವಿಮೆಯ ಕಂಪನಿಗೆ ನೋಂದಾಯಿತ ಅಂಚೆಯಲ್ಲಿ ಪತ್ರ ಬರೆದರು: ಕಾಯಿಲೆ ಯಾವುದು, ಯಾವಾಗಿನಿಂದ, ಮಾತ್ರೆ ಎಷ್ಟು, ಘೋಷಣೆಯಲ್ಲಿ ಇದು ಏಕೆ ಬಿಟ್ಟುಹೋಯಿತು. ಪತ್ರದ ಪ್ರತಿ ಬ್ಯಾಂಕಿಗೂ ಹೋಯಿತು. ಇಂಥ ಪತ್ರ ಬರೆದರೆ ಇರುವ ವಿಮೆಯೂ ಹೋದೀತೆಂದು ಪತಿಗೆ ಬಹಳ ಅಳುಕಿತ್ತು, ಆ ಅಳುಕು ನಿರಾಧಾರವೂ ಆಗಿರಲಿಲ್ಲ. ಕೆಲವು ವಾರಗಳ ನಂತರ ಕಂಪನಿ ಮಾಹಿತಿಯನ್ನು ದಾಖಲಿಸಿಕೊಂಡಿರುವುದಾಗಿಯೂ ವಿಮೆ ಹಾಗೆಯೇ ಮುಂದುವರಿಯುವುದಾಗಿಯೂ ಮಿಂಚಂಚೆಯಲ್ಲಿ ತಿಳಿಸಿತು. ಎಲ್ಲ ಕಂಪನಿಗಳೂ ಹೀಗೆಯೇ ನಡೆದುಕೊಳ್ಳುತ್ತವೆಂದು ನಾನು ಹೇಳಲಾರೆ. ಆದರೂ ಬದುಕಿರುವವರು ತಾವಾಗಿ ಬರೆದ ಪತ್ರಕ್ಕೆ ಇರುವ ತೂಕ, ಅವರು ತೀರಿಕೊಂಡ ಮೇಲೆ ಮನೆಯವರು ಕೊಡುವ ವಿವರಣೆಗೆ ಎಂದೂ ಬರುವುದಿಲ್ಲ.

ಮೊದಲ ಪ್ರಯತ್ನ ಮತ್ತು ಅದರ ಫಲ

ಎಲ್ಲವನ್ನೂ ಬರೆದು, ಸೊಲ್ಲಾಪುರದ ಸ್ಕ್ಯಾನ್ ವರದಿಯನ್ನೂ ಲಗತ್ತಿಸಿ ಮೊದಲ ಪ್ರಸ್ತಾವವನ್ನು ಸಲ್ಲಿಸಲಾಯಿತು. ಆದಾಯದ ದಾಖಲೆಗೆ ಫಾರ್ಮ್ 16 ಸಾಕಾಯಿತು. ಕಂಪನಿಯವರು ಬೆಳಗ್ಗೆ ಮನೆಗೇ ಬಂದು ರಕ್ತ ತೆಗೆದುಕೊಂಡು ಹೋದರು, ಇಸಿಜಿ ನಗರದ ಕೇಂದ್ರವೊಂದರಲ್ಲಿ ಆಯಿತು.

ಫಲಿತಾಂಶ ಯಾರೂ ನಿರೀಕ್ಷಿಸದಂತಿತ್ತು. ಸಾಮಾನ್ಯವಾಗಿ 0.4ರಿಂದ 4ರ ಆಸುಪಾಸಿನಲ್ಲಿರಬೇಕಾದ, ಥೈರಾಯ್ಡ್ ಹಾರ್ಮೋನು ಕಡಿಮೆಯಾದಷ್ಟೂ ಏರುವ ಟಿಎಸ್‌ಎಚ್ 14.6 ಇತ್ತು. ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್ 171. ಹಿಮೋಗ್ಲೋಬಿನ್ 9.8. ಕಂಪನಿಯ ಪತ್ರ ಚುಟುಕಾಗಿತ್ತು: ಪ್ರಸ್ತಾವವನ್ನು ಆರು ತಿಂಗಳು ಮುಂದೂಡಲಾಗಿದೆ, ಥೈರಾಯ್ಡ್ ಹತೋಟಿಗೆ ಬಂದ ದಾಖಲೆ ಮತ್ತು ಗಂಟಿನ ಪೂರ್ಣ ತಪಾಸಣೆಯ ವರದಿಯೊಂದಿಗೆ ಮತ್ತೆ ಅರ್ಜಿ ಹಾಕಬಹುದು. ತುಂಬಿದ್ದ ಹಣ, ವೈದ್ಯಕೀಯ ಪರೀಕ್ಷೆಯ ವೆಚ್ಚ ಕಳೆದು, ವಾಪಸು ಬಂತು.

"ಖರೆ ಬರದಿದ್ದಕ್ಕ ಹಿಂಗಾತು" ಎಂಬುದು ಮನೆಯ ಮೊದಲ ಪ್ರತಿಕ್ರಿಯೆ. ಪತ್ರವನ್ನು ನಿಧಾನವಾಗಿ ಓದಿದರೆ ವಿಷಯ ಬೇರೆಯೇ ಇತ್ತು. ಅರ್ಜಿಯನ್ನು ತಡೆದದ್ದು ಥೈರಾಯ್ಡ್ ಎಂಬ ಹೆಸರಲ್ಲ. ಮಾತ್ರೆಯಿಂದ ಹತೋಟಿಯಲ್ಲಿರುವ ಹೈಪೋಥೈರಾಯ್ಡಿಸಂ ಇದ್ದವರಿಗೆ ಟರ್ಮ್ ಪಾಲಿಸಿ ಸಾಮಾನ್ಯ ದರದಲ್ಲಿಯೇ ಸಿಗುವುದು ವಾಡಿಕೆ. ತಡೆದದ್ದು ಹತೋಟಿ ತಪ್ಪಿದ ಸಂಖ್ಯೆ ಮತ್ತು ಮೂರು ವರ್ಷದಿಂದ ಯಾರೂ ತಿರುಗಿ ನೋಡದ ಗಂಟು. ಅರ್ಜಿಯನ್ನು ಪರಿಶೀಲಿಸಿ ತೀರ್ಮಾನಿಸುವ ಅಂಡರ್‌ರೈಟರ್ ರೋಗಿಯನ್ನು ಕಾಣುವುದಿಲ್ಲ, ಫೈಲನ್ನು ಮಾತ್ರ ಕಾಣುತ್ತಾನೆ. ಫೈಲಿನಲ್ಲಿ ಉತ್ತರವಿಲ್ಲದ ಪ್ರಶ್ನೆ ಉಳಿದರೆ ಅದನ್ನು ಅಪಾಯವೆಂದೇ ಎಣಿಸಬೇಕಾಗುತ್ತದೆ.

ಈಗ ಎರಡು ದಾರಿಗಳಿದ್ದವು. ಏಜೆಂಟ್ ಹುಡುಗ ಹೇಳಿದ್ದು, ಬೇರೆ ಮೂರು ನಾಲ್ಕು ಕಂಪನಿಗಳಿಗೆ ಒಟ್ಟಿಗೇ ಅರ್ಜಿ ಹಾಕಿ ನೋಡುವುದು. ಅದನ್ನು ನಾನು ಬಲವಾಗಿ ವಿರೋಧಿಸಿದೆ. ಪ್ರತಿ ಪ್ರಸ್ತಾವ ಪತ್ರವೂ "ಹಿಂದೆ ಯಾವುದಾದರೂ ಅರ್ಜಿ ತಿರಸ್ಕಾರವಾಗಿದೆಯೇ, ಮುಂದೂಡಲಾಗಿದೆಯೇ, ಹೆಚ್ಚಿನ ಕಂತು ಕೇಳಲಾಗಿದೆಯೇ" ಎಂದು ವಿಚಾರಿಸುತ್ತದೆ. ಅದೇ ರಕ್ತ, ಅದೇ ಗಂಟು ಇರುವಾಗ ಉತ್ತರವೂ ಅದೇ ಬರುತ್ತದೆ, ಮತ್ತು ಒಂದು ಮುಂದೂಡಿಕೆಯ ಜಾಗದಲ್ಲಿ ನಾಲ್ಕನ್ನು ಬರೆಯಬೇಕಾಗುತ್ತದೆ. ಮುಂದೂಡಿಕೆಯೆಂದರೆ ತಿರಸ್ಕಾರವಲ್ಲ, ಏನೇನು ತರಬೇಕೆಂದು ಕಂಪನಿಯೇ ಪಟ್ಟಿ ಕೊಟ್ಟಿದೆ. ಶಿಕ್ಷಕಿ ಎರಡನೆಯ ದಾರಿಯನ್ನು, ಅಂದರೆ ಮೊದಲು ವೈದ್ಯರ ಬಳಿ ಹೋಗುವುದನ್ನು ಆರಿಸಿಕೊಂಡರು.

ಒಲೆಯ ಪಕ್ಕದ ಬಾಟಲಿ

ನಗರದ ಹಾರ್ಮೋನು ತಜ್ಞರು ಮಾತ್ರೆಯ ಪ್ರಮಾಣವನ್ನು ಹೆಚ್ಚಿಸುವ ಮೊದಲು, ಅದನ್ನು ಎಲ್ಲಿಡುತ್ತೀರಿ, ಯಾವಾಗ ನುಂಗುತ್ತೀರಿ ಎಂದು ವಿಚಾರಿಸಿದರು. ಮಾತ್ರೆಯ ಬಾಟಲಿ ಅಡುಗೆಮನೆಯಲ್ಲಿ, ಗ್ಯಾಸ್ ಒಲೆಯ ಪಕ್ಕದ ಕಟ್ಟೆಯ ಮೇಲೆ, ಚಹಾಪುಡಿಯ ಡಬ್ಬಿಗೆ ಒತ್ತಿಕೊಂಡು ಇರುತ್ತಿತ್ತು. ಮರೆಯಬಾರದೆಂದು ಅಲ್ಲಿಟ್ಟದ್ದು. ಬೆಳಗ್ಗೆ ಚಹಾ ಕುದಿಯುವಾಗ ಮಾತ್ರೆ, ಅದರ ಬೆನ್ನಿಗೇ ಹಾಲು ಹಾಕಿದ ಚಹಾ, ಅದರ ಜೊತೆಗೇ ರಕ್ತಹೀನತೆಗೆಂದು ಯಾರೋ ಬರೆದುಕೊಟ್ಟಿದ್ದ ಕಬ್ಬಿಣದ ಮಾತ್ರೆ. ಎಂಟಕ್ಕೆ ಶಾಲೆಯ ಪ್ರಾರ್ಥನೆ, ಅದಕ್ಕೂ ಮೊದಲು ಮಕ್ಕಳ ಡಬ್ಬಿ ತುಂಬಬೇಕು. ಎಲ್ಲವನ್ನೂ ಒಟ್ಟಿಗೇ ಮುಗಿಸುವುದು ಅವರಿಗೆ ಅನಿವಾರ್ಯವಾಗಿತ್ತು.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಲೆವೋಥೈರಾಕ್ಸಿನ್ ಮಾತ್ರೆಯನ್ನು ಕರುಳಿನಲ್ಲಿ ಹೀರಲು ಬಿಡುವುದಿಲ್ಲ. ಇವುಗಳ ನಡುವೆ ನಾಲ್ಕು ಗಂಟೆಯಾದರೂ ಅಂತರ ಬೇಕು. ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ, ನೀರಿನೊಂದಿಗೆ, ಚಹಾಕ್ಕೆ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ನುಂಗಬೇಕು. ಶಾಖ ಮತ್ತು ತೇವಕ್ಕೆ ಮಾತ್ರೆಯ ಸತ್ವ ಕುಂದುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಕಲಬುರಗಿಯಲ್ಲಿ ಒಲೆಯ ಬದಿಯ ಕಟ್ಟೆ ಅದಕ್ಕೆ ತಕ್ಕ ಜಾಗವಲ್ಲ. ವೈದ್ಯರು ಪ್ರಮಾಣವನ್ನು 75ರಲ್ಲೇ ಉಳಿಸಿ, ಬಾಟಲಿಯನ್ನು ಮಲಗುವ ಕೋಣೆಗೆ ಒಯ್ಯಲು, ಕಬ್ಬಿಣದ ಮಾತ್ರೆಯನ್ನು ರಾತ್ರಿಗೆ ಬದಲಿಸಲು ಹೇಳಿ, ಎಂಟು ವಾರದ ನಂತರ ಮರುಪರೀಕ್ಷೆ ಬರೆದರು. ಬದಲಾವಣೆಯ ಫಲ ಟಿಎಸ್‌ಎಚ್‌ನಲ್ಲಿ ಪೂರ್ತಿ ಕಾಣಲು ಆರರಿಂದ ಎಂಟು ವಾರ ಬೇಕು, ಅದಕ್ಕೂ ಮೊದಲು ಅವಸರಪಟ್ಟು ಪರೀಕ್ಷಿಸಿದರೆ ದಾರಿ ತಪ್ಪಿಸುವ ಸಂಖ್ಯೆಯೇ ಸಿಗುತ್ತದೆ. ಎಂಟು ವಾರದ ನಂತರ ಟಿಎಸ್‌ಎಚ್ 3.1ಕ್ಕೆ ಇಳಿದಿತ್ತು. ಇನ್ನೆರಡು ತಿಂಗಳಲ್ಲಿ ಎಲ್‌ಡಿಎಲ್ ಯಾವ ಔಷಧಿಯೂ ಇಲ್ಲದೆ 124ಕ್ಕೆ ಬಂತು, ಏಕೆಂದರೆ ಥೈರಾಯ್ಡ್ ಹಾರ್ಮೋನು ಕಡಿಮೆಯಾದಾಗ ಕೊಲೆಸ್ಟರಾಲ್ ಏರುವುದು ಆ ಕಾಯಿಲೆಯದೇ ಒಂದು ಲಕ್ಷಣ. ಈ ಕೊಲೆಸ್ಟರಾಲ್ ಸಂಖ್ಯೆಯೇ ಮುಂದೆ ದೊಡ್ಡ ವಿಷಯವಾಯಿತು.

ಗಂಟಿನ ಮರುಸ್ಕ್ಯಾನ್ ಹೆಚ್ಚು ಆತಂಕ ತಂದಿತು. ಅದು 1.6 ಸೆಂಟಿಮೀಟರಿಗೆ ಬೆಳೆದಿತ್ತು, ಗಂಟಿನಲ್ಲಿ ಕ್ಯಾನ್ಸರಿನ ಸಂಶಯ ಎಷ್ಟೆಂದು ಸೂಚಿಸುವ ಟಿಐ-ರಾಡ್ಸ್ ಶ್ರೇಣಿಯಲ್ಲಿ ನಾಲ್ಕನೆಯದು ಎಂದು ವರದಿ ಹೇಳಿತು. ಆ ಶ್ರೇಣಿಯಲ್ಲಿ ಒಂದೂವರೆ ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಂಟಿಗೆ ಸೂಜಿಯಿಂದ ಜೀವಕೋಶ ತೆಗೆದು ನೋಡುವ ಎಫ್‌ಎನ್‌ಎಸಿ ಪರೀಕ್ಷೆ ಮಾಡಿಸಬೇಕು. ಫಲಿತಾಂಶ ಬರುವವರೆಗಿನ ದಿನಗಳನ್ನು ಆ ಮನೆ ಹೇಗೆ ಕಳೆಯಿತೆಂಬುದನ್ನು ನಾನು ಕಂಡಿದ್ದೇನೆ. ವರದಿ "ಬೆಥೆಸ್ಡಾ ಎರಡು", ಅಂದರೆ ನಿರಪಾಯಕರ ಗಂಟು ಎಂದು ಬಂತು. ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿಸುತ್ತಿರಿ ಎಂದು ವೈದ್ಯರು ಹೇಳಿದರು. ವಿಮೆಯ ನೆವದಿಂದಲಾದರೂ ಆ ಗಂಟಿನ ತಪಾಸಣೆ ನಡೆಯಿತಲ್ಲ ಎಂಬ ಸಮಾಧಾನ ನನಗೆ ಇಂದಿಗೂ ಇದೆ. ಸುಳ್ಳು ಬರೆದು ಪಾಲಿಸಿ ಸಿಕ್ಕಿದ್ದರೆ ಆ ಪ್ಲಾಸ್ಟಿಕ್ ಚೀಲವನ್ನು ಯಾರೂ ಬಿಚ್ಚುತ್ತಿರಲಿಲ್ಲ.

ಎರಡು ವಿಮೆ, ಎರಡು ಅರ್ಜಿ

ಮರು ಅರ್ಜಿಯ ಹೊತ್ತಿಗೆ ನಾವು ಮಾಡಿದ ಮುಖ್ಯ ಬದಲಾವಣೆಯೆಂದರೆ ಜೀವ ವಿಮೆಯನ್ನೂ ಗಂಭೀರ ಕಾಯಿಲೆ ವಿಮೆಯನ್ನೂ ಬೇರ್ಪಡಿಸಿದ್ದು. ಇವೆರಡೂ ಒಂದೇ ಕುತ್ತಿಗೆಯನ್ನು ಎರಡು ಬೇರೆ ಕಣ್ಣಿನಿಂದ ನೋಡುತ್ತವೆ. ಟರ್ಮ್ ಪಾಲಿಸಿಗೆ ಬೇಕಾದ ಉತ್ತರ ಒಂದೇ: ಈ ವ್ಯಕ್ತಿ ಅವಧಿಗೆ ಮೊದಲು ಸಾಯುವ ಸಂಭವ ಎಷ್ಟು? ಹತೋಟಿಯಲ್ಲಿರುವ ಥೈರಾಯ್ಡ್ ಅದನ್ನು ಹೆಚ್ಚೇನೂ ಬದಲಿಸುವುದಿಲ್ಲ. ಗಂಭೀರ ಕಾಯಿಲೆ ವಿಮೆ ಕೇಳುವುದು ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯುಗಳಂಥವು ಪತ್ತೆಯಾಗುವ ಸಂಭವವನ್ನು. ಅಲ್ಲಿ ಗಂಟೂ ಮುಖ್ಯ, ಕೊಲೆಸ್ಟರಾಲೂ ಮುಖ್ಯ. ಎರಡನ್ನೂ ಒಂದೇ ಪ್ರಸ್ತಾವದಲ್ಲಿ ಕಟ್ಟಿದರೆ ಕಠಿಣ ಪ್ರಶ್ನೆ ಸುಲಭದ್ದನ್ನೂ ಹಿಡಿದು ನಿಲ್ಲಿಸುತ್ತದೆ. ಮೊದಲ ಪ್ರಯತ್ನದಲ್ಲಿ ಆದದ್ದೂ ಭಾಗಶಃ ಅದೇ.

ಟರ್ಮ್ ಅರ್ಜಿ ಅದೇ ಕಂಪನಿಗೆ ಹೋಯಿತು, ಏಕೆಂದರೆ ಮುಂದೂಡಿದವರಿಗೆ ಏನು ಬೇಕಿತ್ತೆಂಬುದು ನಮಗೆ ಗೊತ್ತಿತ್ತು. ಜೊತೆಗೆ ವೈದ್ಯರಿಂದ ಒಂದೇ ಪುಟದ ಪತ್ರ ಬರೆಸಿದೆವು. ಕಾಯಿಲೆ ಪತ್ತೆಯಾದ ವರ್ಷ, ಮಾತ್ರೆಯ ಪ್ರಮಾಣ, ಟಿಎಸ್‌ಎಚ್ ಏಕೆ ಏರಿತ್ತು, ಈಗಿನ ಎರಡು ಸತತ ಸಾಮಾನ್ಯ ವರದಿಗಳು, ಗಂಟಿನ ಅಳತೆ, ಎಫ್‌ಎನ್‌ಎಸಿ ಫಲಿತಾಂಶ, ಮುಂದಿನ ತಪಾಸಣೆ ಯಾವಾಗ ಎಂಬುದೆಲ್ಲ ಅದರಲ್ಲಿತ್ತು. ಇಪ್ಪತ್ತು ಲ್ಯಾಬ್ ವರದಿಗಳ ಕಟ್ಟಿಗಿಂತ ಈ ಒಂದು ಪುಟ ಹೆಚ್ಚು ಕೆಲಸ ಮಾಡಿತೆಂದು ನಾನು ನಂಬಿದ್ದೇನೆ. 2025ರ ಅಕ್ಟೋಬರ್‌ನಲ್ಲಿ ಅರ್ಜಿ ಹೋಯಿತು, ಮುಂದಿನ ತಿಂಗಳು ಸಾಮಾನ್ಯ ದರದಲ್ಲೇ, ಲೋಡಿಂಗ್ ಎನ್ನುವ ಹೆಚ್ಚಿನ ಕಂತು ಇಲ್ಲದೆ, ಪಾಲಿಸಿ ಬಂತು.

ಈ ನಡುವೆ ಅವರಿಗೆ 39 ತುಂಬಿದ್ದರಿಂದ ವಾರ್ಷಿಕ ಕಂತು 9,400ರಿಂದ 9,900 ರೂಪಾಯಿಗೆ ಏರಿತ್ತು. ಆದರೆ 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವ ಮತ್ತು ಆರೋಗ್ಯ ವಿಮೆಯ ಮೇಲಿನ 18% ಜಿಎಸ್‌ಟಿ ರದ್ದಾದ ಕಾರಣ, ಮೊದಲು ತೆರಿಗೆ ಸೇರಿ 11,092 ಆಗುತ್ತಿದ್ದದ್ದು ಈಗ 9,900ಕ್ಕೇ ನಿಂತಿತು. ಇದು ಕಾಲ ಕೂಡಿಬಂದದ್ದಷ್ಟೆ. ತಡಮಾಡಿದರೆ ಅಗ್ಗವಾಗುತ್ತದೆ ಎಂದು ಯಾರೂ ಭಾವಿಸಬಾರದು.

ಗಂಭೀರ ಕಾಯಿಲೆ ವಿಮೆಗೆ ಬೇರೊಂದು ಕಂಪನಿಯ ಪ್ರತ್ಯೇಕ ಪಾಲಿಸಿಗೆ ಅರ್ಜಿ ಹಾಕಲಾಯಿತು. ಹಿಂದಿನ ಮುಂದೂಡಿಕೆಯನ್ನೂ ಅದರಲ್ಲಿ ಬರೆಯಲಾಯಿತು. ಕಂಪನಿ ಒಪ್ಪಿತು, ಆದರೆ ಷರತ್ತಿನೊಂದಿಗೆ: 20% ಹೆಚ್ಚಿನ ಕಂತು, ಮತ್ತು ಮೊದಲೇ ಇರುವ ಕಾಯಿಲೆಗಳೆಂದು ಮೂರರ ದಾಖಲೆ. ಹೈಪೋಥೈರಾಯ್ಡಿಸಂ, ಥೈರಾಯ್ಡ್ ಗಂಟು, ಡಿಸ್‌ಲಿಪಿಡೀಮಿಯಾ. ಈ ಮೂರರಿಂದ ಬರುವ ತೊಂದರೆಗಳಿಗೆ 36 ತಿಂಗಳು ಕಾಯಬೇಕು. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ನಿಯಮದಂತೆ ಇದು ಗರಿಷ್ಠ ಅವಧಿ.

ಒಪ್ಪಿಗೆಯ ಗುಂಡಿ ಒತ್ತಲು ಪತಿ ತಯಾರಾಗಿದ್ದರು. ನಾವು ಅಲ್ಲಿ ನಿಂತು ಯೋಚಿಸಿದೆವು. ಮೊದಲ ಎರಡು ಸರಿಯಾದ ದಾಖಲೆಗಳೇ. ಮೂರನೆಯದು, ಕೊಲೆಸ್ಟರಾಲಿನ ದೋಷ, ಹತೋಟಿ ತಪ್ಪಿದ್ದ ಕಾಲದ ಆ 171ರ ವರದಿಯಿಂದ ಬಂದದ್ದು. ಅದು ಪಾಲಿಸಿಯಲ್ಲಿ ಉಳಿದರೆ ಮೂರು ವರ್ಷದೊಳಗೆ ಹೃದಯಾಘಾತವಾದಾಗ "ಇದು ಮೊದಲೇ ಇದ್ದ ಕಾಯಿಲೆಯ ಫಲ" ಎನ್ನಲು ದಾರಿ ತೆರೆದಂತೆ, ಅಂದರೆ ಪಾಲಿಸಿಯ ಅರ್ಧದಷ್ಟು ಪ್ರಯೋಜನವೇ ಅನುಮಾನಕ್ಕೆ ಬಿದ್ದಂತೆ. ಹೊಸ ಲಿಪಿಡ್ ವರದಿ ಮತ್ತು ವೈದ್ಯರ ವಿವರಣೆಯೊಂದಿಗೆ ಮರುಪರಿಶೀಲನೆಗೆ ಬರೆದೆವು. ಕಂಪನಿ ಮೂರನೆಯ ದಾಖಲೆಯನ್ನು ತೆಗೆದು ಪರಿಷ್ಕೃತ ಪತ್ರ ಕಳಿಸಿತು. 20% ಲೋಡಿಂಗ್ ಮಾತ್ರ ಹಾಗೆಯೇ ಉಳಿಯಿತು. ಅದನ್ನು ಅವರು ಒಪ್ಪಿಕೊಂಡರು. ನನ್ನ ಅಭಿಪ್ರಾಯದಲ್ಲಿ ಅದು ಸರಿಯಾದ ನಿರ್ಧಾರ: ಕಂತಿನಲ್ಲಿ ಹೆಚ್ಚಾಗುವ ಸಾವಿರ ರೂಪಾಯಿಯನ್ನು ಲೆಕ್ಕ ಹಾಕಬಹುದು, ಪಾಲಿಸಿಯಲ್ಲಿ ಉಳಿದುಬಿಟ್ಟ ಒಂದು ಪದ ಎಷ್ಟು ಕಿತ್ತುಕೊಳ್ಳುತ್ತದೆಂದು ಕ್ಲೇಮ್ ಬರುವವರೆಗೆ ಲೆಕ್ಕ ಹಾಕಲಾಗದು.

ಭಯ ಒಂದಕ್ಕೆ, ವಿಮೆ ಇನ್ನೊಂದಕ್ಕೆ

ಪಾಲಿಸಿ ಕೈಗೆ ಬಂದ ಮೇಲೆ, ಬೇಡವೆನಿಸಿದರೆ ಮರಳಿಸಲು ಇರುವ 30 ದಿನಗಳ ಅವಧಿಯಲ್ಲಿ, ಶಿಕ್ಷಕಿ ಅದನ್ನು ಗಣಿತದ ಪುಸ್ತಕ ಓದುವಷ್ಟೇ ಏಕಾಗ್ರತೆಯಿಂದ ಓದಿದರು. "ಗಂಟು ನಾಳೆ ಕ್ಯಾನ್ಸರ್ ಆದ್ರ ಮೂರ್ ವರ್ಷದ ಮ್ಯಾಲ 15 ಲಕ್ಷ ಬರ್ತದಲ್ರೀ?" ಎಂದು ಕೇಳಿದರು. ಅದಕ್ಕೆ ಪ್ರಾಮಾಣಿಕ ಉತ್ತರವೆಂದರೆ, ಬಹುಶಃ ಬರುವುದಿಲ್ಲ. ನಮ್ಮ ದೇಶದ ಗಂಭೀರ ಕಾಯಿಲೆ ಪಾಲಿಸಿಗಳು ಅನುಸರಿಸುವ ಪ್ರಮಾಣಿತ ವ್ಯಾಖ್ಯೆಯಲ್ಲಿ ಟಿ1ಎನ್0ಎಂ0 ಹಂತದ ಥೈರಾಯ್ಡ್ ಕ್ಯಾನ್ಸರನ್ನು, ಅಂದರೆ ಎರಡು ಸೆಂಟಿಮೀಟರಿಗೆ ಮೀರದ, ಗ್ರಂಥಿಯೊಳಗೇ ಇರುವ, ದುಗ್ಧರಸ ಗ್ರಂಥಿಗೂ ಬೇರೆ ಅಂಗಕ್ಕೂ ಹರಡದ ಗಡ್ಡೆಯನ್ನು, ಸ್ಪಷ್ಟವಾಗಿ ಹೊರಗಿಡಲಾಗಿದೆ. ಇದು ಥೈರಾಯ್ಡ್ ಕಾಯಿಲೆ ಇದ್ದವರಿಗೆ ಮಾತ್ರವಲ್ಲ, ಎಲ್ಲರಿಗೂ ಅನ್ವಯ. ವರ್ಷವರ್ಷ ಸ್ಕ್ಯಾನ್ ಮಾಡಿಸುವವರಲ್ಲಿ ಕ್ಯಾನ್ಸರ್ ಸಿಕ್ಕರೂ ಸಾಮಾನ್ಯವಾಗಿ ಆ ಸಣ್ಣ ಹಂತದಲ್ಲೇ ಸಿಗುತ್ತದೆ. ತಪಾಸಣೆ ಎಷ್ಟು ಚೆನ್ನಾಗಿ ನಡೆಯುತ್ತದೋ ಈ ವಿಮೆಯ ಹಣ ಬರುವ ಸಂಭವ ಅಷ್ಟು ಕಡಿಮೆ.

ಹಾಗಾದರೆ ಈ ಪಾಲಿಸಿ ವ್ಯರ್ಥವೇ? ಅಲ್ಲ. ಸ್ತನ ಕ್ಯಾನ್ಸರ್, ಹೃದಯಾಘಾತ, ಪಾರ್ಶ್ವವಾಯು, ಮೂತ್ರಪಿಂಡದ ವೈಫಲ್ಯ ಇವುಗಳಿಗೆ ಅದು ನಿಲ್ಲುತ್ತದೆ, ಸಂಬಳ ನಿಂತ ತಿಂಗಳುಗಳಲ್ಲಿ ಸಾಲದ ಕಂತನ್ನು ಹೊರುತ್ತದೆ. ಆರಂಭದ 90 ದಿನಗಳಲ್ಲಿ ಪತ್ತೆಯಾದ ಕಾಯಿಲೆಗೆ ಹಣವಿಲ್ಲ. ಕಾಯಿಲೆ ಪತ್ತೆಯಾದ ಮೇಲೆ 30 ದಿನ ಬದುಕಿರಬೇಕೆಂಬ ಷರತ್ತೂ ಈ ಪಾಲಿಸಿಯಲ್ಲಿದೆ. ಥೈರಾಯ್ಡ್ ಶಸ್ತ್ರಚಿಕಿತ್ಸೆಯ ಖರ್ಚಿಗೆ ಬೇಕಾದದ್ದು ಆಸ್ಪತ್ರೆಯ ಬಿಲ್ಲನ್ನು ಭರಿಸುವ ಸಾಮಾನ್ಯ ಆರೋಗ್ಯ ವಿಮೆ. ಅಂಥದ್ದು ಆ ಕುಟುಂಬಕ್ಕೆ ಇರಲಿಲ್ಲ. ಗಂಭೀರ ಕಾಯಿಲೆ ಪಾಲಿಸಿಯನ್ನು 15 ಲಕ್ಷದಿಂದ 10 ಲಕ್ಷಕ್ಕೆ ಇಳಿಸಿ, ಉಳಿದ ಹಣವನ್ನು ಇಡೀ ಕುಟುಂಬದ ಆರೋಗ್ಯ ವಿಮೆಯ ಕಂತಿಗೆ ಸೇರಿಸಲು ಅವರು ನಿರ್ಧರಿಸಿದರು. ಆ ಅರ್ಜಿಯಲ್ಲೂ ಥೈರಾಯ್ಡ್, ಗಂಟು, ಹಿಂದಿನ ಮುಂದೂಡಿಕೆ, ಲೋಡಿಂಗ್ ಎಲ್ಲವನ್ನೂ ಬರೆದರು. ಅದೇ ಏಜೆಂಟ್ ಹುಡುಗ, ಈ ಬಾರಿ ಒಂದೊಂದೇ ಪ್ರಶ್ನೆಯನ್ನು ಓದಿ ಹೇಳುತ್ತಾ, ಫಾರ್ಮು ತುಂಬಿದ.

ಇದೇ ಬಗೆಯ ಕಾಯಿಲೆ ಇರುವ ಇತರರಿಗೆ

ಈ ಪ್ರಕರಣ ಹೈಪೋಥೈರಾಯ್ಡಿಸಮ್ಮಿನದು. ಎಲ್ಲ ಥೈರಾಯ್ಡ್ ಕಾಯಿಲೆಗಳಿಗೂ ಇದೇ ಅಳತೆ ಸಲ್ಲದು. ಗ್ರೇವ್ಸ್ ಕಾಯಿಲೆಯಂತೆ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಬಗೆಯಲ್ಲಿ ಹೃದಯದ ಬಡಿತ ಏರುಪೇರಾಗುವ ಅಪಾಯವಿರುವುದರಿಂದ, ಹಾರ್ಮೋನು ತಗ್ಗಿಸುವ ಕಾರ್ಬಿಮಜೋಲ್ ಚಿಕಿತ್ಸೆ ನಡೆಯುತ್ತಿರುವಾಗ ಅರ್ಜಿ ಹಾಕಿದರೆ ಮುಂದೂಡಿಕೆ ಬರುವ ಸಂಭವವೇ ಹೆಚ್ಚು. ಹಾರ್ಮೋನು ಮಟ್ಟ ಕೆಲಕಾಲ ಸ್ಥಿರವಾಗಿ ನಿಂತು, ಇಸಿಜಿ ಸರಿಯಿದ್ದಾಗ ಹಾಕುವುದು ಲೇಸು. ಗಂಟು ಇದ್ದೂ ಎಫ್‌ಎನ್‌ಎಸಿ ಬಾಕಿ ಇರುವವರು ಮೊದಲು ಅದನ್ನು ಮುಗಿಸಬೇಕು. ಕಾಯಿಲೆ ಹತೋಟಿಯಲ್ಲಿದ್ದು, ಆರು ತಿಂಗಳೊಳಗಿನ ಟಿಎಸ್‌ಎಚ್ ವರದಿ ಕೈಯಲ್ಲಿರುವವರು ಕಾಯಲು ಕಾರಣವೇ ಇಲ್ಲ.

ಕಂಪನಿಯ ಉತ್ತರ ಅನ್ಯಾಯವೆನಿಸಿದರೆ ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಬೇಕು. 30 ದಿನಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದದ್ದು ಸಮಾಧಾನ ತರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಶುಲ್ಕವಿಲ್ಲದೆ ದೂರು ಕೊಡಬಹುದು. 50 ಲಕ್ಷದವರೆಗಿನ ಪ್ರಕರಣಗಳನ್ನು ಅದು ವಿಚಾರಿಸುತ್ತದೆ, ವಕೀಲರು ಬೇಕಿಲ್ಲ. ಆದರೆ ಪಾಲಿಸಿ ಕೊಡಬೇಕೋ ಬೇಡವೋ ಎಂಬುದು ಕಂಪನಿಯ ವಿವೇಚನೆ. ಒಂಬುಡ್ಸ್‌ಮನ್ ಬಳಿ ಗಟ್ಟಿಯಾಗಿ ನಿಲ್ಲುವುದು ಕ್ಲೇಮ್ ನಿರಾಕರಣೆಯ ದೂರು, ಮತ್ತು ಅಲ್ಲಿ ಮೊದಲು ತೆರೆಯುವ ಪುಟ ಪಾಲಿಸಿಗೆ ಲಗತ್ತಿಸಿರುವ ಪ್ರಸ್ತಾವ ಪತ್ರದ ಪ್ರತಿ. ಶಿಕ್ಷಕಿಯ ಮೂರೂ ಪ್ರಸ್ತಾವ ಪತ್ರಗಳು, ವೈದ್ಯರ ಆ ಒಂದು ಪುಟದ ಪತ್ರ, ಗುಂಪು ವಿಮೆಯ ಕಂಪನಿ ಕಳಿಸಿದ ಮಿಂಚಂಚೆಯ ಮುದ್ರಿತ ಪ್ರತಿ ಈಗ ಒಂದೇ ಫೈಲಿನಲ್ಲಿವೆ. ಗಂಟಿನ ಮುಂದಿನ ಸ್ಕ್ಯಾನ್ ವರದಿಯೂ ಅದೇ ಫೈಲಿಗೆ ಸೇರಲಿದೆ.